ಫ್ರಾಂಕೆನ್‌ಸ್ಟೈನನ ಕೂಸು: ಭಸ್ಮಾಸುರನೋ, ಮೂಕಾಸುರನೋ?

ಮನುಷ್ಯನು ತನ್ನ ಕೈಯಾರೆ ನಿರ್ಮಿಸಿದ ವಸ್ತುವು ಅವನನ್ನೇ ನುಂಗಲು ಬಂದಾಗ, ಆ ಸಂದರ್ಭಕ್ಕೆ ಇಂಗ್ಲಿಷ್ ಬಲ್ಲವರು ಫ್ರಾಂಕೆನ್‌ಸ್ಟೈನ್ ಎಂಬ ಹೆಸರನ್ನು ಉಪಯೋಗಿಸುವುದುಂಟು. ನಮ್ಮ ಲೇಖಕರೂ ಭಾಷಣಕಾರರೂ ಅದನ್ನು ಕನ್ನಡಕ್ಕೆ ತರುವಾಗ ಹಿಂದುಮುಂದು ನೋಡದೆ ಭಸ್ಮಾಸುರನನ್ನು ಕರೆತರುತ್ತಾರೆ. ಅಣುಬಾಂಬು ಭಸ್ಮಾಸುರ, ಯಂತ್ರನಾಗರಿಕತೆ ಭಸ್ಮಾಸುರ, ಈಚೆಗೆ ತಾನಾಗಿಯೇ ಯೋಚಿಸಿ ಬರೆಯುವುದೆನ್ನಲಾದ ಗಣಕಯಂತ್ರವೂ ಭಸ್ಮಾಸುರ. ಈ ಹೋಲಿಕೆ ಎಷ್ಟು ಸುಲಭವಾಗಿ ನಾಲಗೆಗೆ ಬರುತ್ತದೆಯೆಂದರೆ, ಅದನ್ನು ಪರೀಕ್ಷಿಸುವ ಗೋಜಿಗೆ ಯಾರೂ ಹೋದಂತೆ ಕಾಣುವುದಿಲ್ಲ. ಮೂಲ ಕೃತಿಯನ್ನು ಓದಿದವರಿಗೆ ಈ ಹೋಲಿಕೆ ಕಥೆಯ ಅರ್ಥವನ್ನೇ ತಲೆಕೆಳಗು ಮಾಡುತ್ತದೆ ಎಂಬುದು ಹೊಳೆಯದೆ ಇರದು. ಇದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಭಸ್ಮಾಸುರನ ಕಥೆಯನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬಡಗುತಿಟ್ಟಿನ ಮೇಳಗಳು 'ಭಸ್ಮಾಸುರ ಮೋಹಿನಿ'ಯನ್ನು ಎಷ್ಟು ರಾತ್ರಿ ಆಡಿವೆಯೋ ಲೆಕ್ಕವಿಲ್ಲ. ತಾನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಲಿ ಎಂದು ಅವನು ವರ ಬೇಡುತ್ತಾನೆ. ಶಿವನು ಅನುಗ್ರಹಿಸುತ್ತಾನೆ. ವರ ಕೊಟ್ಟವನ ತಲೆಯ ಮೇಲೆಯೇ ಅದನ್ನು ಪರೀಕ್ಷಿಸಲು ಅವನು ಬೆನ್ನಟ್ಟುತ್ತಾನೆ. ಕೊನೆಗೆ ಮೋಹಿನಿಯ ಕುಣಿತವನ್ನು ಅನುಸರಿಸುತ್ತ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಉರಿದುಹೋಗುತ್ತಾನೆ. ಇಲ್ಲಿ ಕೊಟ್ಟವನು ಅತಿ ಉದಾರಿ, ಪಡೆದವನು ಅತಿ ಕೃತಘ್ನ. ಬೇಡಿದುದೆಲ್ಲವೂ ಅವನಿಗೆ ದೊರೆತಿತ್ತು. ದೊರೆತ ಮೇಲೆ ಅವನು ಕೆಟ್ಟನು.

ಮೇರಿ ಶೆಲ್ಲಿ ಬರೆದ ಕಾದಂಬರಿಯಲ್ಲಿ ಇವೆರಡೂ ತಿರುಗುಮುರುಗು. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಜಿನೀವಾದ ಸಂಭಾವಿತ ಮನೆತನದ ತರುಣ. ಇಂಗೊಲ್‌ಸ್ಟಾಟ್ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನ ಕಲಿಯುತ್ತಿರುವವನು. ಅವನು ಸತ್ತವರ ಅವಯವಗಳನ್ನು ಕೂಡಿಸಿ ಎಂಟು ಅಡಿ ಎತ್ತರದ ಒಂದು ದೇಹವನ್ನು ರಚಿಸಿ ಅದಕ್ಕೆ ಜೀವ ಬರಿಸುತ್ತಾನೆ. ಜೀವ ಬಂದ ಕ್ಷಣದಲ್ಲಿಯೇ ಅದರ ವಿಕಾರಕ್ಕೆ ಹೇಸಿ ಓಡಿಹೋಗುತ್ತಾನೆ. ಪಡೆದವನು ಇಲ್ಲಿ ಏನನ್ನೂ ಬೇಡಿರಲಿಲ್ಲ, ಜನ್ಮವನ್ನು ಕೂಡ. ಹುಟ್ಟುವಾಗ ಅವನಲ್ಲಿ ಕೇಡು ಇರಲಿಲ್ಲ. ಎಲ್ಲೆಡೆಯಿಂದ ತಳ್ಳಿಸಿಕೊಂಡ ಮೇಲೆ ಅವನು ಕೊಲೆಗಾರನಾದನು. ಸೃಷ್ಟಿಕರ್ತನ ತಮ್ಮನಾದ ಬಾಲಕ ವಿಲಿಯಮ್, ಗೆಳೆಯ ಕ್ಲರ್ವಲ್, ಮದುವೆಯ ರಾತ್ರಿಯಲ್ಲಿಯೇ ಮಡದಿ ಎಲಿಜಬೆತ್ ಅವನ ಕೈಯಲ್ಲಿ ಸಾಯುತ್ತಾರೆ. ಜಸ್ಟೀನ್ ಎಂಬ ನಿರಪರಾಧಿ ಹೆಣ್ಣುಮಗಳು ವಿಲಿಯಮನ ಕೊಲೆಯ ಆರೋಪ ಹೊತ್ತು ಗಲ್ಲಿಗೇರುತ್ತಾಳೆ. ಕೊನೆಗೆ ಉತ್ತರಧ್ರುವದ ಹಿಮದಲ್ಲಿ ಬೆನ್ನಟ್ಟಿ ಬಳಲಿದ ವಿಕ್ಟರ್ ವಾಲ್ಟನ್ ಎಂಬ ನಾವಿಕನ ಹಡಗಿನಲ್ಲಿ ಪ್ರಾಣಬಿಡುತ್ತಾನೆ. ಈ ಕೃತಿಯನ್ನು ಮುಂಬಯಿಯ ಕನ್ನಡ ಲೇಖಕಿ ಶ್ಯಾಮಲಾ ಮಾಧವ ಅವರು ಕನ್ನಡಕ್ಕೆ ಅನುವಾದಿಸಿದ್ದಾರೆ. ಇಂಗ್ಲಿಷಿನ ತೊಡಕು ಬೇಡವೆನ್ನುವವರು ಕಥೆಯನ್ನು ಪೂರ್ತಿಯಾಗಿ ಅಲ್ಲಿ ಓದಬಹುದು.

ಬರೆದವಳ ಜೀವನದ ಒಂದೆರಡು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು. ಮೇರಿ ಹುಟ್ಟಿದುದು 1797ರ ಆಗಸ್ಟ್ 30ರಂದು. ಅವಳನ್ನು ಹೆತ್ತ ತಾಯಿ, ಸ್ತ್ರೀಯರ ಹಕ್ಕುಗಳನ್ನು ಕುರಿತು ಬರೆದ ಪ್ರಸಿದ್ಧ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್, ಹೆರಿಗೆಯ ಬೇನೆಯಿಂದಲೇ ಸೆಪ್ಟೆಂಬರ್ 10ರಂದು ತೀರಿಕೊಂಡಳು. 1815ರಲ್ಲಿ ಮಗಳಿಗೆ ದಿನ ತುಂಬದ ಹೆಣ್ಣುಮಗುವೊಂದು ಹುಟ್ಟಿ, ಹೆಸರಿಡುವುದಕ್ಕೂ ಮುನ್ನ ಎರಡು ವಾರಗಳೊಳಗೆ ಸತ್ತಿತು. ಸತ್ತ ಕೂಸು ಬೆಂಕಿಯ ಬಳಿ ಉಜ್ಜಿದಾಗ ಮತ್ತೆ ಬದುಕಿದಂತೆ ಕಂಡ ಕನಸನ್ನು ಅವಳು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಮರುವರ್ಷ, ತಂಬೋರಾ ಜ್ವಾಲಾಮುಖಿಯ ಬೂದಿಯಿಂದ ಯೂರೋಪಿಗೆ ಬೇಸಗೆಯೇ ಬಾರದೆ ಹೋದ 1816ರಲ್ಲಿ, ಜಿನೀವಾ ಸರೋವರದ ತಡಿಯಲ್ಲಿ ಅವಳು ಈ ಕಥೆಯನ್ನು ಆರಂಭಿಸಿದಳು. ಆಗ ಅವಳಿಗೆ ಹದಿನೆಂಟು ವರ್ಷ. ಪುಸ್ತಕವು 1818ರ ಜನವರಿಯಲ್ಲಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ತಾಯಿಯಿಲ್ಲದ ಮಗಳು, ಹೆಸರಿಲ್ಲದ ಕೂಸಿನ ತಾಯಿ: ಈ ಎರಡು ದುಃಖಗಳನ್ನು ಬಲ್ಲವಳು ಬರೆದ ಗ್ರಂಥವನ್ನು ಕೇವಲ ವಿಜ್ಞಾನದ ದುರಹಂಕಾರದ ಕಥೆಯೆಂದು ಓದುವುದು ಸಾಲದು.

ಈಗ ಆ ರಾತ್ರಿಯ ಪ್ರಸಂಗವನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ನವೆಂಬರ್ ತಿಂಗಳ ಮಳೆ, ಮುಗಿಯುತ್ತ ಬಂದ ಮೇಣದ ಬತ್ತಿ, ತೆರೆದ ಹಳದಿ ಕಣ್ಣು. ವಿಕ್ಟರ್ ಪಕ್ಕದ ಕೋಣೆಗೆ ಓಡಿ ಹಾಸಿಗೆಯ ಮೇಲೆ ಬೀಳುತ್ತಾನೆ. ದುಃಸ್ವಪ್ನದಿಂದ ಬೆಚ್ಚಿ ಎದ್ದಾಗ ಆ ಜೀವಿಯು ಮಂಚದ ಪರದೆಯನ್ನು ಸರಿಸಿ ನಿಂತಿದೆ. ಬಾಯಿ ತೆರೆದು ಅರ್ಥವಾಗದ ಏನನ್ನೋ ಉಲಿಯುತ್ತಿದೆ. ಮುಖದಲ್ಲಿ ನಗೆಯಂತಹ ಒಂದು ಸುಕ್ಕು. ಒಂದು ಕೈಯನ್ನು ಮುಂದಕ್ಕೆ ಚಾಚಿದೆ. ತನ್ನನ್ನು ಹಿಡಿಯಲು ಬಂದಿತೆಂದು ವಿಕ್ಟರ್ ಭಾವಿಸಿ ಮನೆಯಿಂದಲೇ ಪರಾರಿಯಾಗುತ್ತಾನೆ. ಆದರೆ ತೊದಲುವಿಕೆ, ನಗೆ, ಚಾಚಿದ ಕೈ ಈ ಮೂರನ್ನೂ ಒಟ್ಟಾಗಿ ನಾವು ಎಲ್ಲಿ ಕಾಣುತ್ತೇವೆ? ತೊಟ್ಟಿಲಲ್ಲಿ ಮಲಗಿದ ಹಸುಗೂಸಿನಲ್ಲಿ. ಎಂಟು ಅಡಿಯ ದೇಹದಲ್ಲಿ ಹುಟ್ಟಿದ ಕೂಸು ಅದು. ಭಯವು ವಿಕ್ಟರನ ಕಣ್ಣಿನಲ್ಲಿತ್ತು.

ವಚನಸಾಹಿತ್ಯದ ಪರಿಚಯವುಳ್ಳವರಿಗೆ ಇಲ್ಲಿ ಒಂದು ಮಾತು ತಾನಾಗಿ ನೆನಪಿಗೆ ಬರುತ್ತದೆ. ಶಿಷ್ಯನನ್ನು ಶರಣರು 'ಗುರುಕರಜಾತ'ನೆಂದು ಕರೆದರು. ಗುರುವಿನ ಕೈಯಿಂದ ಹುಟ್ಟಿದವನು ಎಂದರ್ಥ. ತಾಯಿಯ ಬಸುರಿನಿಂದ ಬಂದ ಜನ್ಮವನ್ನು ಹಿಂದಿಕ್ಕಿ, ಪೂರ್ವಾಶ್ರಯವನ್ನು ಕಳೆದುಕೊಂಡು, ಅವನು ಪುನರ್ಜಾತನಾಗುತ್ತಾನೆ. ಫ್ರಾಂಕೆನ್‌ಸ್ಟೈನನ ಕೂಸು ಈ ಮಾತಿನ ಅಕ್ಷರಶಃ ಅರ್ಥದಲ್ಲಿ ಕರಜಾತ. ಯಾವ ಹೆಣ್ಣಿನ ಗರ್ಭದಿಂದಲೂ ಬಂದವನಲ್ಲ. ಸತ್ತವರ ಮೈಯಿಂದ ಮತ್ತೆ ಹುಟ್ಟಿದ್ದರಿಂದ ಪುನರ್ಜಾತನೂ ಹೌದು. ಆದರೆ ಗುರುವಿನ ಕೈಯಿಂದ ಜನಿಸುವುದೆಂದರೆ ಏನೇನು ನಡೆಯಬೇಕು ಎಂಬುದನ್ನು ದೀಕ್ಷಾಕ್ರಮವು ಸ್ಪಷ್ಟವಾಗಿ ಹೇಳಿದೆ. ವೇಧಾದೀಕ್ಷೆಯಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಡುತ್ತಾನೆ. ಮಂತ್ರದೀಕ್ಷೆಯಲ್ಲಿ ಕಿವಿಯಲ್ಲಿ ಮಂತ್ರವನ್ನು ಹೇಳುತ್ತಾನೆ. ಕ್ರಿಯಾದೀಕ್ಷೆಯಲ್ಲಿ ಅಂಗೈಗೆ ಇಷ್ಟಲಿಂಗವನ್ನು ಕೊಡುತ್ತಾನೆ. ತಲೆಗೆ ಸ್ಪರ್ಶ, ಕಿವಿಗೆ ನುಡಿ, ಕೈಗೆ ಆಧಾರ. ವಿಕ್ಟರ್ ದೇಹವನ್ನು ರಚಿಸಿದನು, ಪ್ರಾಣವನ್ನು ತಂದನು. ಈ ಮೂರರಲ್ಲಿ ಒಂದನ್ನೂ ಕೊಡಲಿಲ್ಲ. ಚಾಚಿದ ಕೈ ಬರಿದಾಗಿಯೇ ಉಳಿಯಿತು.

ಕ್ರೈಸ್ತ ಪರಿಸರದ ಕಾದಂಬರಿಗೆ ದೀಕ್ಷಾವಿಧಿಯ ಅಳತೆಗೋಲನ್ನು ಹಿಡಿಯುವುದು ಬಲಾತ್ಕಾರವಲ್ಲವೆ ಎಂದು ಸಾಹಿತ್ಯದ ವಿದ್ಯಾರ್ಥಿಗಳು ಕೇಳಬಹುದು. ಲೇಖಕಿಗೆ ಇದರ ಗಂಧವೂ ಇರಲಿಲ್ಲವೆಂಬುದು ನಿಜ. ಆದರೆ ಕೃತಿಯೇ ಈ ಪ್ರಶ್ನೆಯನ್ನು ಎತ್ತುತ್ತದೆ. ಆಲ್ಪ್ಸ್ ಪರ್ವತದ ಹಿಮನದಿಯ ಮೇಲೆ ಅವರಿಬ್ಬರೂ ಮುಖಾಮುಖಿಯಾದಾಗ, ಸೃಷ್ಟಿಸಿದವನಿಗೆ ಸೃಷ್ಟಿಯ ವಿಷಯದಲ್ಲಿ ಕರ್ತವ್ಯಗಳಿವೆ ಎಂಬ ಅರಿವು ವಿಕ್ಟರನಿಗೆ ಮೊತ್ತಮೊದಲ ಬಾರಿಗೆ ಆಗುತ್ತದೆ. ಅಷ್ಟು ಹೊತ್ತಿಗೆ ತಮ್ಮನೂ ಜಸ್ಟೀನಳೂ ಸತ್ತಾಗಿತ್ತು. ಮೇಲಾಗಿ, ಲೇಖಕಿಯು ಕೈಯ ಈ ಚಿತ್ರವನ್ನು ಅಲ್ಲಿಗೇ ಬಿಡುವುದಿಲ್ಲ. ನೋಡಲಾಗದ ನಿನ್ನ ರೂಪವನ್ನು ನನ್ನ ಕಣ್ಣೆದುರಿನಿಂದ ತೊಲಗಿಸು ಎಂದು ವಿಕ್ಟರ್ ಗದರಿದಾಗ, ಆ ಜೀವಿಯು ತನ್ನ ಅಂಗೈಗಳಿಂದ ಅವನ ಕಣ್ಣುಗಳನ್ನು ಮುಚ್ಚುತ್ತದೆ. ನೋಡಲಾರದೆ ಹೋದರೆ ಬೇಡ, ಕೇಳಿಸಿಕೊಳ್ಳಬಹುದಲ್ಲ ಎಂಬುದು ಅದರ ಬೇಡಿಕೆ. ಮುಂದೆ ವಿಲಿಯಮ್, ಕ್ಲರ್ವಲ್, ಎಲಿಜಬೆತ್ ಮೂವರ ಕೊರಳಿನಲ್ಲಿಯೂ ಬೆರಳುಗಳ ಗುರುತೇ ಸಾಕ್ಷಿಯಾಗಿ ಉಳಿಯುತ್ತದೆ. ಯಾರೂ ಹಿಡಿಯದೆ ಹೋದ ಕೈಯೇ ಕೊರಳು ಹಿಡಿಯುವ ಕೈಯಾಯಿತು. ಭಸ್ಮಾಸುರನ ಕೈಯಾದರೋ ವರ ಪಡೆದ ಗಳಿಗೆಯಿಂದಲೇ ಸುಡುವ ಕೈ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಕಾದಂಬರಿಯ ನಡುವೆ, ಈಗ ಪ್ರಚಾರದಲ್ಲಿರುವ 1831ರ ಪರಿಷ್ಕೃತ ಆವೃತ್ತಿಯ 11ರಿಂದ 16ನೆಯ ಅಧ್ಯಾಯದವರೆಗೆ, ಆ ಜೀವಿಯೇ ತನ್ನ ಕಥೆಯನ್ನು ಹೇಳಿಕೊಳ್ಳುತ್ತದೆ. ಇಡೀ ಗ್ರಂಥದಲ್ಲಿ ಇದಕ್ಕಿಂತ ಉತ್ತಮವಾದ ಭಾಗವಿಲ್ಲ. ಕಾಡಿನಂಚಿನ ಬಡ ಕುಟುಂಬವೊಂದರ ಗುಡಿಸಲಿಗೆ ತಾಗಿದ ಕೊಟ್ಟಿಗೆಯಂತಹ ಗೂಡಿನಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ನೋಡುತ್ತ ಅದು ಮಾತು ಕಲಿಯುತ್ತದೆ. ಮೊದಲು ಕಲಿತ ಶಬ್ದಗಳು ಬೆಂಕಿ, ಹಾಲು, ರೊಟ್ಟಿ, ಸೌದೆ. ಆಮೇಲೆ ಮನೆಯವರ ಹೆಸರುಗಳು. ಅವರ ಆಹಾರವನ್ನು ಮೊದಮೊದಲು ಕದಿಯುತ್ತಿದ್ದುದು, ಅವರ ಬಡತನ ತಿಳಿದ ಮೇಲೆ ಹಣ್ಣು, ಗೆಡ್ಡೆಗಳಿಂದ ಹೊಟ್ಟೆ ಹೊರೆಯುತ್ತದೆ. ರಾತ್ರಿ ಹೊತ್ತು ಸೌದೆ ಕಡಿದು ತಂದು ಬಾಗಿಲಲ್ಲಿ ಇಡುತ್ತದೆ, ಹಾದಿಯ ಹಿಮವನ್ನು ಸರಿಸುತ್ತದೆ. ಬೆಳಗಾದರೆ ಮನೆಯವರಿಗೆ ಆಶ್ಚರ್ಯ. ನಾಲ್ಕು ದಶಕಗಳಿಗೆ ಸಮೀಪದ ಕಾಲ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟ ನನಗೆ, ಕಿಟಕಿಯ ಹೊರಗೆ ನಿಂತು ಪಾಠ ಕದಿಯುವ ಈ ವಿದ್ಯಾರ್ಥಿಯ ಚಿತ್ರವನ್ನು ಓದುವಾಗ ಭಯವೆಂಬುದೇ ಆಗುವುದಿಲ್ಲ.

ಶೂನ್ಯಸಂಪಾದನೆಯ ಮರುಳಶಂಕರದೇವರ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ದೂರದ ಅಫಘಾನಿಸ್ತಾನದ ಕಡೆಯಿಂದ ಕಲ್ಯಾಣಕ್ಕೆ ಬಂದವರೆಂದು ಪರಂಪರೆಯು ಹೇಳುವ ಈ ಶರಣರು, ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದಲ್ಲಿ ಹನ್ನೆರಡು ವರ್ಷ ಮರುಳನಂತೆ ಇದ್ದರು. ನಿತ್ಯವೂ ಸಾವಿರಾರು ಜನ ಬಂದುಹೋಗುವ ಆ ಮನೆಯಲ್ಲಿ ಯಾರ ಕಣ್ಣಿಗೂ ಅವರು ಬೀಳಲಿಲ್ಲ. ಅಲ್ಲಮಪ್ರಭುಗಳು ಬಂದು ತೋರಿಸಿದ ಮೇಲೆಯೇ ಅವರ ಮಹಿಮೆ ಬೆಳಕಿಗೆ ಬಂದಿತು. ಅತಿಥಿಯನ್ನು ಗುರುತಿಸದೆ ಹೋದೆನೆಂದು ಬಸವಣ್ಣನವರು ತಮ್ಮನ್ನೇ ಹಳಿದುಕೊಂಡರು. ಮನೆಯ ಮಗ್ಗುಲಲ್ಲಿಯೇ ಇದ್ದವನನ್ನು ಮನೆಯವರು ಕಾಣದೆ ಹೋದುದು ಎರಡೂ ಕಥೆಗಳಲ್ಲಿ ಸಮಾನ. ಆದರೆ ಸಾಮ್ಯವನ್ನು ಎಳೆದು ಹಿಗ್ಗಿಸಬಾರದು. ಮರುಳಶಂಕರದೇವರು ಅರಿವಿನಿಂದಲೇ ಅಡಗಿದ್ದವರು. ತಮ್ಮನ್ನು ಯಾರಾದರೂ ಕಾಣಲಿ ಎಂಬ ಹಂಬಲ ಅವರಿಗಿರಲಿಲ್ಲ. ಈ ಜೀವಿಗೆ ಆ ಹಂಬಲವೇ ಉಸಿರು. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು: ಗುಡಿಸಲಿಗೆ ಅಲ್ಲಮಪ್ರಭು ಬರಲಿಲ್ಲ. ಆ ಮನೆಯ ಕುರುಡು ಮುದುಕ ಡಿ ಲೇಸಿಯೊಬ್ಬನೇ ಅದನ್ನು ಮನುಷ್ಯನಂತೆ ಕೂರಿಸಿ ಮಾತನಾಡಿಸಿದವನು. ರೂಪವು ಅವನಿಗೆ ಕಾಣುತ್ತಿರಲಿಲ್ಲ, ನುಡಿ ಮಾತ್ರ ಕೇಳುತ್ತಿತ್ತು. ಹೊರಗೆ ಹೋದವರ ಹೆಜ್ಜೆಯ ಸಪ್ಪಳ ಕೇಳಿದಾಗ ಅದು ಮುದುಕನ ಕೈಯನ್ನು ಹಿಡಿದುಕೊಂಡು ರಕ್ಷಣೆ ಬೇಡಿತು. ಕಣ್ಣಿದ್ದ ಮಗ ಫೆಲಿಕ್ಸ್ ಒಳಗೆ ಬಂದವನೇ ದೊಣ್ಣೆಯಿಂದ ಬಡಿದನು. ಅವನನ್ನು ಸೀಳಿಹಾಕುವ ಬಲವಿದ್ದೂ ಅದು ತಿರುಗಿ ಹೊಡೆಯಲಿಲ್ಲ.

ಬಂದವನನ್ನು ಯಾರವನೆಂದು ಕೇಳದಿರುವುದರ ಕುರಿತಾದ ಬಸವಣ್ಣನವರ ಅತಿಪರಿಚಿತ ವಚನವನ್ನು ಇಲ್ಲಿ ಎತ್ತಿಕೊಳ್ಳುವ ಆಸೆಯಾಗುತ್ತದೆ. ಪ್ರತಿಯೊಂದು ಸಭೆಯಲ್ಲಿಯೂ ಅದನ್ನು ಹೇಳಿ ಹೇಳಿ ಸವೆಸಿರುವುದರಿಂದ ಬಿಟ್ಟಿದ್ದೇನೆ.

ಭಸ್ಮಾಸುರನು ಸಲ್ಲನೆಂದರೆ ಈ ಕಥೆಗೆ ಸಮೀಪನಾದವನು ನಮ್ಮ ಪುರಾಣಗಳಲ್ಲಿ ಯಾರಾದರೂ ಇದ್ದಾನೆಯೆ? ನನ್ನ ಅಭಿಪ್ರಾಯದಲ್ಲಿ ಇದ್ದಾನೆ, ನಮ್ಮ ಕೊಲ್ಲೂರಿನಲ್ಲಿಯೇ. ಬೈಂದೂರು ತಾಲೂಕಿನ ಈ ಕ್ಷೇತ್ರದ ಐತಿಹ್ಯದಂತೆ, ಕಂಹಾಸುರನೆಂಬವನು ಘೋರವಾದ ತಪಸ್ಸನ್ನಾಚರಿಸಿದನು. ದೇವರು ಪ್ರತ್ಯಕ್ಷನಾಗಿ ವರ ಕೇಳೆನ್ನುವ ಹೊತ್ತಿಗೆ ವಾಗ್ದೇವಿಯು ಅವನ ಮಾತನ್ನೇ ಸೆಳೆದುಕೊಂಡಳು. ಬಾಯಿ ಬಂದರೆ ಲೋಕಕ್ಕೆ ಕೇಡನ್ನೇ ಬೇಡುವನೆಂಬ ಭಯ ದೇವತೆಗಳಿಗೆ. ಅಂದಿನಿಂದ ಅವನು ಮೂಕಾಸುರ. ರೊಚ್ಚಿಗೆದ್ದು ಲೋಕವನ್ನು ಪೀಡಿಸಿದ ಅವನನ್ನು ದೇವಿಯು ಸಂಹರಿಸಿದಳು. ಆ ಸ್ಥಳವನ್ನು ಜನರು ಇಂದಿಗೂ ಮಾರಣಕಟ್ಟೆಯೆಂದು ತೋರಿಸುತ್ತಾರೆ. ಅವನು ಏನನ್ನು ಬೇಡಲಿದ್ದನೋ ಎಂಬುದು ಯಾರಿಗೂ ತಿಳಿಯಲಿಲ್ಲ, ತಿಳಿಯುವಂತೆಯೂ ಇಲ್ಲ. ಐತಿಹ್ಯವನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಭಕ್ತರ ದೃಷ್ಟಿಯಲ್ಲಿ ಅದಕ್ಕೆ ಬೇರೆಯೇ ಅರ್ಥವುಂಟು. ಸಾಹಿತ್ಯದ ದೃಷ್ಟಿಯಿಂದ ಮಾತ್ರ ಹೇಳುವುದಾದರೆ, ಮಾತು ಕಳೆದುಕೊಂಡ ಮೇಲೆ ಅವನಿಗೆ ಉಳಿದುದು ಕೈಯೊಂದೇ.

ಫ್ರಾಂಕೆನ್‌ಸ್ಟೈನನ ಕೂಸಿಗೂ ಕಾಲಾಂತರದಲ್ಲಿ ಇದೇ ಗತಿಯಾಯಿತೆಂಬುದು ವಿಚಿತ್ರ. ಮೂಲದಲ್ಲಿ ಅದು ಮಹಾವಾಗ್ಮಿ. ಮಿಲ್ಟನ್ನನ ಮಹಾಕಾವ್ಯವನ್ನೂ ಪ್ಲುಟಾರ್ಕನ ಜೀವನಚರಿತ್ರೆಗಳನ್ನೂ ಓದಿ ವಾದಿಸಬಲ್ಲುದು. 1823ರಲ್ಲಿ ಲಂಡನ್ನಿನ ರಂಗಭೂಮಿಗೆ ಈ ಕಥೆ ಬಂದಾಗ ನಾಟಕದವರು ಅದರ ಮಾತನ್ನು ಕಿತ್ತುಹಾಕಿದರು. 1931ರ ಪ್ರಸಿದ್ಧ ಅಮೆರಿಕನ್ ಚಲನಚಿತ್ರದಲ್ಲಿ ಬೋರಿಸ್ ಕಾರ್ಲೊಫ್ ಎಂಬ ನಟನು ಬರಿಯ ಗುರುಗುಟ್ಟುವ ಮೂಕನಾಗಿ ಕಾಣಿಸಿಕೊಂಡನು. ಸಾಲದೆಂಬಂತೆ, ಅವನ ತಲೆಗೆ ಅಪರಾಧಿಯೊಬ್ಬನ ಮಿದುಳನ್ನು ಇಟ್ಟಿದ್ದರೆಂಬ ಕಾರಣವನ್ನೂ ಚಿತ್ರದವರು ಸೇರಿಸಿದರು. ಹುಟ್ಟಿನಿಂದಲೇ ಕೆಟ್ಟವನು ಎಂದಾಗ ಹುಟ್ಟಿಸಿದವನ ಹೊಣೆ ಹಗುರವಾಗುತ್ತದೆ. ಭಸ್ಮಾಸುರನ ಹೋಲಿಕೆಯು ಪುಸ್ತಕಕ್ಕಿಂತ ಹೆಚ್ಚಾಗಿ ಈ ಚಿತ್ರಕ್ಕೆ ಒಪ್ಪುತ್ತದೆ. ಅನೇಕರು ಚಿತ್ರವನ್ನು ನೋಡಿಯೇ ಪುಸ್ತಕವನ್ನು ಓದಿದಂತೆ ಮಾತನಾಡುತ್ತಾರೆ ಎಂಬ ಸಂದೇಹವೂ ನನಗಿದೆ.

ಈ ವಿಷಯದಲ್ಲಿ ನಮ್ಮ ಯಕ್ಷಗಾನವು ಆ ರಂಗಭೂಮಿಗಿಂತ ಉದಾರವಾದುದು. ರಾಕ್ಷಸನು ಎಷ್ಟೇ ಅಬ್ಬರಿಸಿ ತೆರೆಯ ಮರೆಯಿಂದ ಬರಲಿ, ಪೀಠಿಕೆಯಲ್ಲಿ ತಾನು ಯಾರು, ಯಾರ ಮಗ, ತನಗಾದ ಅನ್ಯಾಯವೇನು ಎಂಬುದನ್ನು ಅವನ ಬಾಯಿಂದಲೇ ಕೇಳುವೆವು. ತಾಳಮದ್ದಳೆಯಲ್ಲಂತೂ ರಾವಣನೂ ಕೌರವನೂ ತಮ್ಮ ಪಕ್ಷವನ್ನು ಮಂಡಿಸಿ ರಾತ್ರಿಯಿಡೀ ವಾದಿಸುತ್ತಾರೆ, ಸಭೆಯು ತಲೆದೂಗುತ್ತದೆ. ಹೀಗಾಗಿ, ಹುಟ್ಟಿ ಒಂದೆರಡು ವರ್ಷಗಳೊಳಗೆ ಇಷ್ಟು ಪಾಂಡಿತ್ಯಪೂರ್ಣವಾಗಿ ಮಾತನಾಡುವುದು ಅಸಂಭವವೆಂದು ಕೆಲವರು ಎತ್ತುವ ಆಕ್ಷೇಪವು ಅರ್ಥಗಾರಿಕೆಯನ್ನು ಕೇಳಿ ಬೆಳೆದವರಿಗೆ ದೊಡ್ಡದಾಗಿ ತೋರದು. ಆದರೆ ಪೀಠಿಕೆ ಹೇಳಲು ಅದಕ್ಕೆ ಹೆಸರಿಲ್ಲ, ಮಗನೆಂದು ಹೇಳಿಕೊಳ್ಳುವಂತೆಯೂ ಇಲ್ಲ. ಅದು ತನ್ನ ಕಥೆಯನ್ನು ಹೇಳಿದಾಗ ಎದುರಿಗಿದ್ದ ಸಭೆಯೆಂದರೆ ಅದನ್ನು ತೊರೆದುಹೋದವನೊಬ್ಬನೇ. ಕೃತಿಯಲ್ಲಿ ಸಡಿಲವಾದ ಭಾಗವಿರುವುದು ಬೇರೆ ಕಡೆ: ಗುಡಿಸಲಿನವರ ಪೂರ್ವಕಥೆ, ತುರ್ಕಿ ವ್ಯಾಪಾರಿಯ ಮಗಳ ಪಲಾಯನ ಮೊದಲಾದುವು ಬೇಸರ ತರಿಸುತ್ತವೆ. ವಾಚಕರು ಅವನ್ನು ಬೇಗ ದಾಟಿ ಹೋದರೆ ನಷ್ಟವೇನಿಲ್ಲ.

ಇಷ್ಟು ಹೇಳಿದುದರಿಂದ ಆ ಜೀವಿಯ ಕೊಲೆಗಳನ್ನು ಮನ್ನಿಸಿದಂತಾಗಬಾರದು. ವಿಲಿಯಮ್ ಏನೂ ಅರಿಯದ ಬಾಲಕ. ಅವನನ್ನು ಒಡನಾಡಿಯಾಗಿ ಸಾಕಿಕೊಳ್ಳುವ ಆಸೆಯಿಂದ ಹಿಡಿದರೂ, ಅವನು ಚೀರಿ ಫ್ರಾಂಕೆನ್‌ಸ್ಟೈನ್ ಎಂಬ ಮನೆತನದ ಹೆಸರನ್ನು ಹೇಳಿದೊಡನೆ ಬಾಯಿ ಮುಚ್ಚಿಸಲು ಕೊರಳನ್ನೇ ಅದುಮಿತು. ಜಸ್ಟೀನಳ ಮೇಲೆ ಆರೋಪ ಬರುವಂತೆ ಮಾಡಿದುದು ಇನ್ನೂ ಹೀನವಾದ ಕೃತ್ಯ. ಲೇಖಕಿಯು ಇದಾವುದನ್ನೂ ಮರೆಮಾಚಿಲ್ಲ, ಅದೂ ಮರೆಮಾಚುವುದಿಲ್ಲ. ವಿಕ್ಟರನ ಹೆಣದ ಮುಂದೆ ನಿಂತು ತನ್ನ ಪಾಪಗಳನ್ನು ತಾನೇ ಎಣಿಸುತ್ತದೆ. ಸಾಯುವ ಮುನ್ನ ವಿಕ್ಟರ್ ಏನು ಮಾಡಿದನು? ಕಳೆದ ದಿನಗಳನ್ನು ಪರೀಕ್ಷಿಸಿ ತನ್ನ ನಡತೆಯಲ್ಲಿ ದೂಷಿಸತಕ್ಕದ್ದೇನೂ ಕಾಣುವುದಿಲ್ಲವೆಂದು ತೀರ್ಮಾನಿಸಿದನು. ಕಾದಂಬರಿಯ ಭಯಾನಕವಾದ ವಾಕ್ಯ ಅದೇ ಎಂದು ನಾನು ಬಗೆಯುತ್ತೇನೆ.

ವಿಜ್ಞಾನವೇ ಬೇಡವೆನ್ನುವವರು ಈ ಪುಸ್ತಕವನ್ನು ಸಾಕ್ಷಿಗೆ ಕರೆಯುವುದೂ ಸರಿಯಲ್ಲ. ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 'ಬಾಲಪ್ರಪಂಚ', 'ವಿಜ್ಞಾನ ಪ್ರಪಂಚ' ಸಂಪುಟಗಳ ಮೂಲಕ ವಿಜ್ಞಾನವನ್ನು ಕನ್ನಡದ ಮನೆಗಳಿಗೆ ತಲುಪಿಸಿದವರು. ಅವರೇ ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ, ಎಂಬತ್ತೇಳರ ಇಳಿವಯಸ್ಸಿನಲ್ಲಿ, ಲೋಕಸಭಾ ಚುನಾವಣೆಗೂ ನಿಂತರು. ಇದರಲ್ಲಿ ವಿರೋಧಾಭಾಸವನ್ನು ಕಂಡವರು ಆಗಲೂ ಇದ್ದರು. ತಿಳಿವನ್ನು ಪ್ರೀತಿಸುವವನೇ ಆ ತಿಳಿವಿನಿಂದ ಹುಟ್ಟಿದುದನ್ನು ಸಾಕುವವರು ಯಾರು ಎಂದು ಕೇಳಬೇಕಾಗುತ್ತದೆ. ವಿಕ್ಟರ್ ಕೇಳದೆ ಬಿಟ್ಟ ಪ್ರಶ್ನೆ ಅದು.

ಇನ್ನು ಹೆಸರಿನ ಮಾತು. ಫ್ರಾಂಕೆನ್‌ಸ್ಟೈನ್ ಎಂಬುದು ಮಾಡಿದವನ ಹೆಸರು; ಲೋಕವು ಅದನ್ನು ಮಾಡಿದುದಕ್ಕೆ ಅಂಟಿಸಿದೆ. ಪಂಡಿತರು ಈ ತಪ್ಪನ್ನು ತಿದ್ದುವುದರಲ್ಲಿ ಸುಖ ಪಡುತ್ತಾರೆ. ಆದರೆ ತಂದೆ ಕೊಡದ ಹೆಸರನ್ನು ಓದುಗರೇ ಮಗನಿಗೆ ಕೊಡಿಸಿದಂತಾಯಿತಲ್ಲ. ನನಗೆ ಇದು ತಿದ್ದಬೇಕಾದ ತಪ್ಪೆಂದು ತೋರುವುದಿಲ್ಲ. ಕೊಲ್ಲೂರಿನಲ್ಲಿ ಇದಕ್ಕಿಂತ ಸೋಜಿಗವಾದುದು ನಡೆದಿದೆ. ಕೊಂದ ದೇವಿಯು ಕೊಲ್ಲಲ್ಪಟ್ಟವನ ಹೆಸರನ್ನು ತನ್ನ ಹೆಸರಿನ ಮೊದಲಿಗೇ ಧರಿಸಿ ಮೂಕಾಂಬಿಕೆಯಾದಳು. ಬದುಕಿದ್ದಾಗ ಮಾತಿಲ್ಲದೆ ಹೋದವನ ಹೆಸರು ಈಗ ಪ್ರತಿದಿನ ಸಾವಿರಾರು ನಾಲಗೆಗಳ ಮೇಲೆ ಬರುತ್ತಿದೆ.

ಕನ್ನಡದಲ್ಲಿ ಈ ಜೀವಿಯನ್ನು ಏನೆಂದು ಕರೆಯಬೇಕು ಎಂಬ ತೊಡಕು ಉಳಿಯುತ್ತದೆ. ರಾಕ್ಷಸ, ದೈತ್ಯ, ಪಿಶಾಚಿ ಎಂಬುವು ವಿಕ್ಟರನ ಬೈಗುಳಕ್ಕೆ ಸಲ್ಲುತ್ತವೆ. ಭೂತವೆಂದರೆ ಘಟ್ಟದ ಮೇಲಿನವರಿಗೆ ಒಪ್ಪಬಹುದು, ಕರಾವಳಿಯಲ್ಲಿ ಒಪ್ಪದು. ಇಲ್ಲಿ ಭೂತಕ್ಕೆ ಹೆಸರುಂಟು, ಸ್ಥಾನವುಂಟು, ವರ್ಷಕ್ಕೊಮ್ಮೆ ಸೇವೆಯುಂಟು, ಪಾತ್ರಿಯ ಬಾಯಲ್ಲಿ ನುಡಿಯುಂಟು. ಊರವರು ಕೈಮುಗಿದು ನಿಂತು ಅದನ್ನು ಕೇಳುತ್ತಾರೆ. ಮೇಲೆ ನಾನು ಉಪಯೋಗಿಸಿದ 'ಕೂಸು' ಎಂಬ ಮಾತು ಕೆಲವರಿಗೆ ಅತಿಯಾಗಿ ಕಂಡೀತು. ಮೇರಿ ಶೆಲ್ಲಿಯು 1831ರ ಮುನ್ನುಡಿಯಲ್ಲಿ ಈ ಪುಸ್ತಕವನ್ನು ತನ್ನ ವಿಕಾರ ಸಂತಾನವೆಂದು ಕರೆದು, ಲೋಕದಲ್ಲಿ ಹೋಗಿ ಏಳಿಗೆ ಪಡೆಯಲೆಂದು ಹರಸಿ ಕಳುಹಿಸಿದ್ದಾಳೆ. ಅಷ್ಟರಲ್ಲಿ, 1823ರ ಎರಡನೆಯ ಮುದ್ರಣದಿಂದಲೇ, ಅದರ ಮುಖಪುಟಕ್ಕೆ ತಾಯಿಯ ಹೆಸರೂ ಬಂದಿತ್ತು.